ಜಯಮ್ಮನವರು ನಿಲ್ಲಿಸಿದ ಮಾತ್ರೆ ಯಾವುದು

“ಕೋಣನಕುಂಟೆ ಕಡೆ ಒಬ್ಳು ಹೆಂಗಸು ಇದ್ಳಂತೆ. ಎಚ್‌ಐವಿ ಮಾತ್ರೆ ನುಂಗಿ ನುಂಗಿ ಕಾಲು ಕೆಂಡ ಆಗ್ಬಿಟ್ಟಿತ್ತಂತೆ. ಒಂದಿನ ಡಬ್ಬಿ ಸಮೇತ ಎಸೆದ್ಳು ನೋಡಿ, ಕಾಲುರಿ ಮಂಗಮಾಯ.”

ಈ ಕಥೆಯನ್ನು ನಾನು ಹಲವು ಬಾಯಿಗಳಿಂದ ಕೇಳಿದ್ದೇನೆ. ಬನಶಂಕರಿಯ ರಕ್ತಪರೀಕ್ಷೆಯ ಅಂಗಡಿಯ ಬೆಂಚಿನ ಮೇಲೆ ಕೇಳಿದ್ದೇನೆ; ಜಯನಗರದ ಬಸ್ ನಿಲ್ದಾಣದಲ್ಲಿ ಪರಿಚಯದ ರೋಗಿಯೊಬ್ಬರು ತಗ್ಗಿದ ದನಿಯಲ್ಲಿ ನನಗೇ ಹೇಳಿದ್ದಾರೆ. ಕಳೆದ ತಿಂಗಳು ಇದನ್ನು ಹೇಳಿದವನು ಬಿಟಿಎಂ ಲೇಔಟ್‌ನ ಪಿ.ಜಿ. ಕೋಣೆಯೊಂದರಲ್ಲಿರುವ ಯುವಕ. ಅವನು ಕಥೆ ಹೇಳಿ ಸುಮ್ಮನಾಗಲಿಲ್ಲ; ಅದನ್ನು ನಂಬಿ ತನ್ನ ಮಾತ್ರೆಗಳನ್ನೂ ನಿಲ್ಲಿಸಿದ್ದ. ಆದ್ದರಿಂದ ಇದನ್ನು ಬರೆಯಬೇಕಾಗಿದೆ.

ಆ ಹೆಂಗಸು ಇದ್ದದ್ದು ನಿಜ. ಕಾಲು ಉರಿದದ್ದು ನಿಜ. ಒಂದು ಮಾತ್ರೆ ನಿಂತದ್ದೂ ನಿಜ. ಉಳಿದದ್ದೆಲ್ಲ ಸುಳ್ಳು. ಆ ಮಾತ್ರೆ ನಿಂತ ಕೋಣೆಯಲ್ಲಿ ನಾನೂ ಇದ್ದೆ.

ಅದು ೨೦೨೨ನೆಯ ಇಸವಿ. ಕನಕಪುರ ರಸ್ತೆಯ ಮೇಲೆ ಮೆಟ್ರೊ ಓಡಾಡತೊಡಗಿ ಒಂದು ವರ್ಷವಾಗಿತ್ತು. ಜೆ.ಪಿ. ನಗರದ ಅಡ್ಡರಸ್ತೆಯೊಂದರಲ್ಲಿ ಖಾಸಗಿ ಟ್ರಸ್ಟೊಂದು ನಡೆಸುತ್ತಿದ್ದ ಪುಟ್ಟ ಚಿಕಿತ್ಸಾಲಯದಲ್ಲಿ ನಾನು ರೋಗಿಗಳ ಚಿಕಿತ್ಸೆ ಹೇಗೆ ಸಾಗಿದೆಯೆಂದು ವಿಚಾರಿಸಿಕೊಳ್ಳುವ ಫಾಲೋಅಪ್ ಸಹಾಯಕನಾಗಿದ್ದೆ. ಎಚ್‌ಐವಿಯೊಂದಿಗೆ ಬದುಕುವವರಿಗೆ ಬೇಕಾದ ಎಆರ್‌ಟಿ ಮಾತ್ರೆಗಳು ಸರ್ಕಾರಿ ಕೇಂದ್ರದಲ್ಲಿ ಸಿಗುತ್ತವೆ. ಆ ಮಾತ್ರೆಗಳನ್ನು ನುಂಗುತ್ತ ಬದುಕುವಾಗ ಎದುರಾಗುವ ನೋವು, ಭಯ, ಪ್ರಶ್ನೆಗಳಿಗೆ ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ಶಾಲೆಯ ಓದು ಪಿಯುಸಿಗೆ ಮುಗಿಯಿತು. ನರಗಳ ವಿಷಯವನ್ನು ನಾನು ಕಲಿತದ್ದು ಹಳೆಯ ಪುಸ್ತಕದ ಅಂಗಡಿಗಳಲ್ಲಿ ತೂಕಕ್ಕೆ ಕೊಂಡ ವೈದ್ಯಗ್ರಂಥಗಳಿಂದ, ಒಂದೊಂದು ಪುಟಕ್ಕೆ ಒಂದೊಂದು ಸಂಜೆಯನ್ನು ಕೊಟ್ಟು. ಹಾಗೆ ಓದಿದವನಿಗೆ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ, ‘ಇದನ್ನು ನೀವು ನೋಡಿದಿರಾ, ಕೇಳಿದಿರಾ?’ ಎಂದು ಮನಸ್ಸು ಕೇಳುತ್ತದೆ. ನಮ್ಮ ವೈದ್ಯೆ ಡಾ. ವಿನುತಾ ನನ್ನನ್ನು ‘ಅನುಮಾನದ ಅಂಕಲ್’ ಎಂದು ಕರೆಯುತ್ತಿದ್ದರು.

ಕಾಲುರಿ ಎಂದು ಬಂದವರ ಪಾದಗಳನ್ನು ಮೊದಲು ನೋಡುವ ಕೆಲಸ ನನ್ನದಾಗಿತ್ತು. ಹತ್ತಿಯಿಂದ ಸವರುವುದು, ಹಲ್ಲುಕಡ್ಡಿಯಿಂದ ಮೆಲ್ಲಗೆ ಚುಚ್ಚುವುದು, ಆಮೇಲೆ ಟ್ಯೂನಿಂಗ್ ಫೋರ್ಕ್. ಸಂಗೀತದ ಶ್ರುತಿಗೆ ಬಳಸುವ ಉಪಕರಣದಂತೆಯೇ ಇರುವ ಎರಡು ಕವಲಿನ ಉಕ್ಕಿನ ಕಡ್ಡಿ ಅದು. ಅಂಗೈಗೆ ತಟ್ಟಿ ಹೆಬ್ಬೆರಳಿನ ಗೆಣ್ಣಿನ ಮೇಲಿಟ್ಟರೆ ಮೂಳೆಯಲ್ಲಿ ಗುಂಯ್ ಎನ್ನುವ ಕಂಪನ ಹರಡುತ್ತದೆ. “ಕಣ್ಣು ಮುಚ್ಚಿಕೊಳ್ಳಿ. ಗುಂಯ್ ಅನ್ನೋದು ನಿಂತಾಗ ಹೇಳಿ” ಎನ್ನುತ್ತಿದ್ದೆ. ಆಗ ಆ ಕೋಣೆ ಬೇರೆಯೇ ಆಗಿಬಿಡುತ್ತಿತ್ತು. ಹೊರಗೆ ಆಟೊಗಳ ಸದ್ದು ದೂರ ಸರಿಯುತ್ತಿತ್ತು. ಕಣ್ಣು ಮುಚ್ಚಿದ ಮುಖದಲ್ಲಿ, ಬಹಳ ದೂರದಿಂದ ಯಾರೋ ಕರೆಯುತ್ತಿರುವುದನ್ನು ಕಾಲಿನಿಂದ ಆಲಿಸುತ್ತಿರುವಂಥ ಒಂದು ನೋಟ. ನರ ಚೆನ್ನಾಗಿದ್ದವರು ಬಹಳ ಹೊತ್ತು ಆಲಿಸುತ್ತಿದ್ದರು. ನರ ಸೋತವರು, “ಇಟ್ರಾ ಸಾರ್?” ಎಂದು ಕೇಳುತ್ತಿದ್ದರು.

ನರಗಳ ಈ ಸೋಲಿಗೆ ನ್ಯೂರೋಪತಿ ಎಂದು ಹೆಸರು. ಮಿದುಳಿನಿಂದ ಅತಿ ದೂರಕ್ಕೆ ಹೋಗುವ ನರಗಳು ಪಾದದವು. ಪೆಟ್ಟು ಮೊದಲು ತಗಲುವುದು ಅವಕ್ಕೇ. ಎರಡೂ ಪಾದಗಳಲ್ಲಿ ಸಮನಾಗಿ ಉರಿ, ಜೋಮು, ಇರುವೆ ಹರಿದಂತೆ; ಹೊದಿಕೆಯ ಅಂಚು ತಾಗಿದರೂ ಬೆಂಕಿ ತಾಗಿದಂತೆ. ಎಚ್‌ಐವಿ ಇರುವವರಲ್ಲಿ ಇದಕ್ಕೆ ಕಾರಣಗಳು ಹಲವು. ವೈರಸ್ಸೇ ಕಾರಣವಾಗಬಹುದು, ಸಕ್ಕರೆ ಕಾಯಿಲೆ, ಮದ್ಯ, ಬಿ-೧೨ ಕೊರತೆ, ಬೇರೆ ಔಷಧಗಳೂ ಕಾರಣವಾಗಬಹುದು. ‘ಮಾತ್ರೆಯಿಂದಲೇ ಕಾಲುರಿ’ ಎಂಬ ಜನರ ಮಾತು ಒಂದು ಕಾಲದಲ್ಲಿ ನಿಜವೂ ಆಗಿತ್ತು. ಎಆರ್‌ಟಿಯ ಮೊದಲ ವರ್ಷಗಳಲ್ಲಿ ಕೊಡುತ್ತಿದ್ದ ಸ್ಟಾವುಡಿನ್ ಎಂಬ ಔಷಧ ಪಾದದ ನರಗಳನ್ನು ಸುಡುತ್ತಿತ್ತು. ಅದು ಬಳಕೆಯಿಂದ ಹೋಗಿ ವರ್ಷಗಳಾದವು. ಈಗಿನ ಮಾತ್ರೆಗಳಲ್ಲಿ ಆ ದೋಷ ಕಾಣುವುದು ತೀರ ಅಪರೂಪ. ಔಷಧ ಹೋಯಿತು, ಅದರ ಮಾತು ಮಾತ್ರ ಕಾಯುವ ಬೆಂಚುಗಳ ಮೇಲೆ ಉಳಿದುಕೊಂಡಿತು.

ಜಯಮ್ಮನವರು ಬಂದದ್ದು ಶ್ರಾವಣದ ಒಂದು ಬೆಳಿಗ್ಗೆ. ಇದು ಅವರ ನಿಜವಾದ ಹೆಸರಲ್ಲ. ಐವತ್ತು ದಾಟಿದವರು, ಕೋಣನಕುಂಟೆಯ ಹಳೆಯ ಊರಿನ ಮನೆತನಕ್ಕೆ ಸೊಸೆಯಾಗಿ ಬಂದವರು. ರಾಗಿಹೊಲವಿದ್ದಲ್ಲಿ ಈಗ ಅವರ ಮೂರಂತಸ್ತಿನ ಮನೆ, ಮೇಲೆ ಬಾಡಿಗೆದಾರರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯವರಿಗೆ ‘ಲಿವರ್’ ಎಂದು ಹೇಳಲಾಗಿತ್ತು. ಆಗಿನಿಂದ ಜಯಮ್ಮ ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅವರ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ಸಿನ ಪ್ರಮಾಣ, ಪರೀಕ್ಷೆಗೆ ಸಿಗದಷ್ಟು ಕೆಳಗಿತ್ತು.

ಅಂದು ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಸೆರಗಿನೊಳಗಿಂದ ಎಆರ್‌ಟಿ ಮಾತ್ರೆಯ ಬಿಳಿಯ ಡಬ್ಬಿಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

“ಇದು ನಂಗೆ ಬೇಡ ಸಾರ್. ನೀವೇ ಮಡಿಕ್ಕೊಳ್ಳಿ.”

“ಯಾಕಮ್ಮ?”

“ಇಷ್ಟು ವರ್ಷ ನುಂಗ್ದೆ. ಈಗ ಕಾಲು ಉರಿ ತಡಿಯಕ್ಕಾಗ್ತಿಲ್ಲ. ಇದ್ರಿಂದ್ಲೇ ಅಂತ ಎಲ್ರೂ ಅಂತಾರೆ. ಸತ್ರೆ ಸಾಯ್ತೀನಿ, ಕಾಲು ತಣ್ಣಗೆ ಇಟ್ಕೊಂಡು ಸಾಯ್ತೀನಿ.”

ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುವ ಹಾಗಿದೆ ಎಂದಷ್ಟೇ ನಿರಾಳವಾಗಿ ಹೇಳಿದರು. ನನಗೆ ಹೆದರಿಕೆಯಾದದ್ದು ಆ ನಿರಾಳಕ್ಕೆ. ಡಬ್ಬಿ ಮೇಜಿನ ಮೇಲೆ ಉಳಿದರೆ ವೈರಸ್ಸು ಮತ್ತೆ ಏಳುತ್ತದೆ. ಎದ್ದ ವೈರಸ್ಸಿಗೆ ಇದೇ ಮಾತ್ರೆ ನಾಳೆ ಬಗ್ಗುತ್ತದೆ ಎಂಬ ಭರವಸೆಯಿಲ್ಲ. ನಾನು ವಾದಿಸಲಿಲ್ಲ. ಪಾದ ತೋರಿಸಿ ಎಂದೆ.

ಕಣ್ಣು ಮುಚ್ಚಿ ಕೂತರು. ಫೋರ್ಕಿನ ಕಂಪನ ಹೆಬ್ಬೆರಳಿಗೆ ತಿಳಿಯಲಿಲ್ಲ; ಕಣಕಾಲಿನ ಗಂಟಿಗೆ ಬಂದಾಗ ಸ್ವಲ್ಪ ತಿಳಿಯಿತು. ಕಣ್ಣು ಮುಚ್ಚಿಯೇ ಮಾತಾಡಿದರು.

“ಊರ ಹಿಂದೆ ಒಂದು ಕುಂಟೆ ಇತ್ತು ಸಾರ್. ನಾನು ಮದ್ವೆ ಆಗಿ ಬಂದ ಹೊಸದ್ರಲ್ಲಿ ಎಮ್ಮೆ ತೊಳ್ಯಕ್ಕೆ ಹೋಗೋಳು. ಈಗ ಅಲ್ಲಿ ಅಪಾರ್ಟ್ಮೆಂಟು. ಕನಸಲ್ಲಿ ಮಾತ್ರ ಆ ನೀರಲ್ಲಿ ನಿಂತಿರ್ತೀನಿ. ಕೆಸರು ಬೆರಳ ಸಂದೀಲಿ ತಣ್ಣಗೆ ಬತ್ತದೆ. ಎದ್ರೆ ಮತ್ತೆ ಉರಿ.”

ಯಾವಾಗಿನಿಂದ ಉರಿ ಎಂದು ಕೇಳಿದೆ. ಯುಗಾದಿ ಕಳೆದ ಮೇಲೆ ಎಂದರು. ಅದು ನನ್ನ ಅನುಮಾನಕ್ಕೆ ಸಿಕ್ಕ ಮೊದಲ ಎಳೆ. ಎಆರ್‌ಟಿ ಮಾತ್ರೆ ವರ್ಷಗಳಿಂದ ಇದ್ದದ್ದು. ಉರಿ ಮೊನ್ನೆ ಬಂದದ್ದು.

ಡಾ. ವಿನುತಾ ಅವರೂ ಅದನ್ನೇ ಹಿಡಿದರು. ಹಿಂದೆ ಸ್ಟಾವುಡಿನ್ ತೆಗೆದುಕೊಂಡಿದ್ದ ಕಾಲದ ಹಳೆಯ ಪೆಟ್ಟು ನರಗಳಲ್ಲಿ ಮಲಗಿರಬಹುದು. ಈಗ ಅದನ್ನು ಎಬ್ಬಿಸಿದ್ದು ಯಾವುದು ಎಂಬುದು ಪ್ರಶ್ನೆ ಎಂದರು. ಸಕ್ಕರೆ, ಥೈರಾಯ್ಡ್, ಬಿ-೧೨ ಪರೀಕ್ಷೆ ಮಾಡಿಸಿದರು, ಎಲ್ಲ ಸರಿಯಾಗಿತ್ತು. ನರಗಳಲ್ಲಿ ವಿದ್ಯುತ್ ಸಂಕೇತ ಎಷ್ಟು ಬಲವಾಗಿ ಹರಿಯುತ್ತದೆ ಎಂದು ಅಳೆಯುವ ನರ್ವ್ ಕಂಡಕ್ಷನ್ ಟೆಸ್ಟ್‌ನಲ್ಲಿ ಪಾದದ ನರ ದುರ್ಬಲವಾಗಿರುವುದು ಕಂಡಿತು. ಅದು ಏನಾಗಿದೆ ಎಂದು ಹೇಳಿತೇ ಹೊರತು ಏಕೆಂದು ಹೇಳಲಿಲ್ಲ.

ಹೊಸದಾಗಿ ಸೇರಿದ ಔಷಧ ಒಂದೇ ಇತ್ತು. ಎಚ್‌ಐವಿ ಇರುವವರಿಗೆ ಕ್ಷಯ ಬಾರದಂತೆ ಕೊಡುವ ಐಸೋನಿಯಾಜಿಡ್ ಮಾತ್ರೆ. ಅದನ್ನು ಅವರು ಆ ವರ್ಷ ಆರಂಭಿಸಿದ್ದರು. ಈ ಔಷಧ ದೇಹದ ಬಿ-೬ ವಿಟಮಿನ್ನಿನ ಕೆಲಸವನ್ನು ಕೆಡಿಸುತ್ತದೆ. ಬಿ-೬ ಇಲ್ಲದೆ ನರ ಉರಿಯತೊಡಗುತ್ತದೆ. ಅದಕ್ಕಾಗಿಯೇ ಜೊತೆಯಲ್ಲಿ ಪೈರಿಡಾಕ್ಸಿನ್, ಅಂದರೆ ಬಿ-೬ನ ಪುಟ್ಟ ಮಾತ್ರೆಯನ್ನು ಕೊಟ್ಟೇ ಕೊಡುತ್ತಾರೆ. ಜಯಮ್ಮನವರಿಗೆ ಅದನ್ನು ನಾವೇ ಕೊಡುತ್ತಿದ್ದೆವು.

“ಪೈರಿಡಾಕ್ಸಿನ್ ತಗೊಳ್ತಿದ್ದೀರಾ ಅಮ್ಮ? ಚಿಕ್ಕ ಮಾತ್ರೆ, ವಿಟಮಿನ್‌ದು?” ಎಂದು ಡಾಕ್ಟರು ಕೇಳಿದರು.

“ಎಲ್ಲಾ ಖಾಲಿ ಆಗೈತೆ ಮೇಡಂ” ಎಂದು ಜಯಮ್ಮ ಚೀಲದಿಂದ ಸ್ಟ್ರಿಪ್ಪುಗಳನ್ನು ತೆಗೆದಿಟ್ಟರು. ನಮ್ಮಲ್ಲಿ ಖಾಲಿ ಸ್ಟ್ರಿಪ್ಪುಗಳನ್ನು ತಂದು ತೋರಿಸುವ ಪದ್ಧತಿಯಿತ್ತು. ಬಿ-೬ನ ಪ್ರತಿಯೊಂದು ಗುಳ್ಳೆಯೂ ಒಡೆದಿತ್ತು.

ಡಾಕ್ಟರು ನನ್ನ ಕಡೆ ನೋಡಿದರು. “ಏನಂತೀರಿ, ಅನುಮಾನದ ಅಂಕಲ್?”

“ಸ್ಟ್ರಿಪ್ಪು ಖಾಲಿಯಾಗಿದೆ ಅನ್ನೋದನ್ನ ನಂಬ್ತೀನಿ ಮೇಡಂ. ಅದಕ್ಕಿಂತ ಮುಂದೆ ನಂಬೋಕೆ ನಾನು ಏನನ್ನೂ ನೋಡಿಲ್ಲ.”

ಅವರು ನಕ್ಕರು. “ಹಾಗಾದ್ರೆ ಹೋಗಿ ನೋಡ್ಕೊಂಡು ಬನ್ನಿ.” ಉರಿಗೆ ಗ್ಯಾಬಪೆಂಟಿನ್ ಎಂಬ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟರು. ಆ ಬಿಳಿಯ ಡಬ್ಬಿಯನ್ನು ಎತ್ತಿ ಜಯಮ್ಮನವರ ಕೈಗೆ ಕೊಟ್ಟು, “ಅಂಕಲ್ ಬಂದು ಹೋಗೋವರೆಗೆ ಇದನ್ನ ಬಿಡಲ್ಲ ಅಂತ ಹೇಳಿ ಸಾಕು” ಎಂದರು. ಜಯಮ್ಮ ಅದನ್ನು ಸೆರಗಿನೊಳಗೆ ಸೇರಿಸುತ್ತ, “ಅಲ್ಲೀಗಂಟ ಮಾತ್ರ” ಎಂದರು.

ಮನೆಗೆ ಹೋಗುವುದು ನಮ್ಮ ಕೆಲಸದಲ್ಲಿ ಸೂಕ್ಷ್ಮದ ವಿಷಯ. ರೋಗಿ ಒಪ್ಪದೆ ಹೋಗುವಂತಿಲ್ಲ. ಒಪ್ಪಿದರೂ ಯಾರೆಂದು ಹೇಳಿಕೊಳ್ಳುವಂತಿಲ್ಲ. ದಕ್ಷಿಣ ಬೆಂಗಳೂರಿನ ಈ ಹಳೆಯ ಊರುಗಳಲ್ಲಿ ಅದಕ್ಕೊಂದು ದಾರಿಯಿತ್ತು. ಗೇಟಿಗೆ ಟು-ಲೆಟ್ ಬೋರ್ಡು ತೂಗುತ್ತಿದ್ದರೆ ಅಪರಿಚಿತನೊಬ್ಬ ಒಳಬಂದು ಮನೆಯನ್ನೆಲ್ಲ ನೋಡಿಹೋದರೂ ಯಾರೂ ಏಕೆಂದು ಕೇಳುವುದಿಲ್ಲ. “ಮನೆ ಕೇಳೋರ ಥರ ಬನ್ನಿ ಸಾರ್, ಮ್ಯಾಲೆ ಸಿಂಗಲ್ ಬೆಡ್‌ರೂಮು ಖಾಲಿ ಐತೆ” ಎಂದು ಜಯಮ್ಮನವರೇ ಸೂಚಿಸಿದರು.

ನಾನು ಹೋದದ್ದು ಊಟದ ಹೊತ್ತು ಕಳೆದ ಮೇಲೆ. ಆ ಮಧ್ಯಾಹ್ನ ಈಗಲೂ ನೀರಿನೊಳಗಿಂದ ನೋಡಿದಂತೆ ನೆನಪಿದೆ. ಬೀದಿಯಲ್ಲಿ ಬಿಸಿಲು ಮಬ್ಬಾಗಿತ್ತು. ನಡುಮನೆಯ ಕೆಂಪು ಗಾರೆನೆಲ ಹೊಳೆಯುತ್ತಿತ್ತು. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಉದ್ದಕ್ಕೆ ಮಲಗಿತ್ತು. ಜಯಮ್ಮ ಒದ್ದೆ ಗೋಣಿತಾಟಿನ ಮೇಲೆ ಪಾದವಿಟ್ಟು ಆ ನೆರಳಿನ ನಡುವೆ ಕೂತಿದ್ದರು. ನನ್ನನ್ನು ಗುರುತಿಸಿದ್ದನ್ನು ಮುಖದಲ್ಲಿ ತೋರಿಸಲಿಲ್ಲ. ಅವರ ಪಕ್ಕದ ಗೂಡಿನಲ್ಲಿ ಒಂದು ಲೋಟ, ಒಂದು ತಟ್ಟೆ ಬೇರೆಯಾಗಿ ಕವುಚಿದ್ದವು. ಹರಕೆಯ ಹೆಸರು ಹೇಳಿ ಅವರು ವರ್ಷಗಳಿಂದ ತಮ್ಮ ಪಾತ್ರೆಗಳನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿದ್ದರು. ಲೋಟ ಹಂಚಿಕೊಂಡರೆ ಎಚ್‌ಐವಿ ಹರಡುವುದಿಲ್ಲ ಎಂದು ನಾವೆಷ್ಟು ಹೇಳಿದರೂ ಅವರ ಕೈ ಒಪ್ಪಿರಲಿಲ್ಲ.

ಅವರ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಭಾಗ್ಯ ನನಗೆ ಮಜ್ಜಿಗೆ ತಂದುಕೊಟ್ಟರು. ಕೊಟ್ಟು, ಕಿಟಕಿಯ ಮೇಲಿನ ತಗಡಿನ ಡಬ್ಬಿಯಿಂದ ಒಂದು ಸ್ಟ್ರಿಪ್ಪು ತೆಗೆದು, ಪುಟ್ಟ ಮಾತ್ರೆಯೊಂದನ್ನು ಬಿಡಿಸಿ, ಉಳಿದ ಮಜ್ಜಿಗೆಯ ಜೊತೆ ನುಂಗಿದರು. ಆ ಸ್ಟ್ರಿಪ್ಪಿನಲ್ಲಿ ಅದೇ ಕೊನೆಯದು. ಖಾಲಿ ಸ್ಟ್ರಿಪ್ಪನ್ನು ಎಸೆಯದೆ, ಮಡಿಸದೆ, ಮತ್ತೆ ಡಬ್ಬಿಯಲ್ಲಿಟ್ಟರು. ಆ ಸ್ಟ್ರಿಪ್ಪು ನನಗೆ ಗೊತ್ತಿತ್ತು; ಜಯಮ್ಮನವರ ಬಿ-೬.

ಮನೆ ತೋರಿಸಲು ಭಾಗ್ಯ ಮಹಡಿಗೆ ಕರೆದುಕೊಂಡು ಹೋದರು.

“ಎಷ್ಟು ಜನ ಸಾರ್ ನೀವು?”

“ಇಬ್ಬರು.”

“ಬೋರ್ ನೀರೂ ಐತೆ, ಕಾವೇರೀನೂ ಐತೆ.” ಬಾಗಿಲು ತೆರೆದು ಪಕ್ಕಕ್ಕೆ ನಿಂತರು. ನಾನು ಒಳಗೆ ಸುತ್ತಾಡಿ ಬಂದ ಮೇಲೆ, “ನೀವು ಮನೆ ನೋಡಕ್ಕೆ ಬಂದೋರಲ್ಲ ಅಲ್ವಾ?” ಎಂದರು.

“ಯಾಕಮ್ಮ ಹಾಗಂತೀರಿ?”

“ಮನೆ ನೋಡೋರು ಫಸ್ಟು ಬಚ್ಚಲ ನಲ್ಲಿ ತಿರುಗಿಸ್ತಾರೆ. ನೀವು ಬಂದಾಗಿಂದ ನಮ್ಮಕ್ಕನ ಕಾಲೇ ನೋಡ್ತಿದೀರ.”

ಉತ್ತರಿಸುವ ಹಕ್ಕು ನನಗಿರಲಿಲ್ಲ.

“ನೀವೇನೂ ಹೇಳ್ಬೇಡಿ ಸಾರ್. ನಂಗೆ ಭಾವ ಹೋದಾಗ್ಲೇ ಗೊತ್ತಾಯ್ತು. ಅಕ್ಕಂಗೆ ಮಾತ್ರ ನಂಗೆ ಗೊತ್ತಿಲ್ಲ ಅಂತ ಧೈರ್ಯ. ಇರ್ಲಿ ಬಿಡಿ ಅಂತ ನಾನೂ ಸುಮ್ನಿದೀನಿ.”

“ಆ ಮಾತ್ರೆ?”

“ಅಕ್ಕ ಕೊಡೋದು. ಶಕ್ತಿ ಮಾತ್ರೆ, ಸುಸ್ತು ಅಂತಿಯಲ್ಲ ತಗೋ ಅಂತಾಳೆ. ಖಾಲಿದು ಮಾತ್ರ ವಾಪಸ್ ಕೊಡು ಅಂತಾಳೆ. ಅದು ಎಲ್ಲಿಂದ ಬತ್ತದೆ ಅಂತ ನಂಗೆ ಗೊತ್ತಿಲ್ವಾ? ನಂ ತಟ್ಟೇಲಿ ಅವ್ಳು ಉಣ್ಣಲ್ಲ, ಅವ್ಳ ಲೋಟ ಮುಟ್ಟಕ್ಕೆ ಬಿಡಲ್ಲ. ಇದೊಂದಾದ್ರೂ ಅವ್ಳ ಕೈಯಿಂದ ಇಸ್ಕೊಂಡು ನುಂಗೋಣ ಅಂತ ನುಂಗ್ತೀನಿ.”

ಅಲ್ಲಿ ನಾನು ಒಂದೇ ಒಂದು ವಾಕ್ಯ ಹೇಳಿದೆ. ಹೇಳಬಹುದಿತ್ತೋ ಇಲ್ಲವೋ ಎಂದು ಡಾಕ್ಟರರ ಜೊತೆ ಆಮೇಲೆ ಚರ್ಚೆಯಾಯಿತು. ನಾನು ಈಗಲೂ ಹೇಳಬೇಕಿತ್ತೆಂದೇ ವಾದಿಸುತ್ತೇನೆ. “ಅದು ಶಕ್ತಿಯ ಮಾತ್ರೆ ಅಲ್ಲಮ್ಮ, ಅವರ ಕಾಲಿನ ನರ ಕಾಯೋ ಮಾತ್ರೆ” ಎಂದೆ.

ಭಾಗ್ಯ ಖಾಲಿ ಕೋಣೆಯ ನಡುವೆ ನಿಂತುಬಿಟ್ಟರು. ಕೆಳಗೆ ಯಾರೋ ತರಕಾರಿ ಗಾಡಿಯವನು ಕೂಗುತ್ತ ಹೋದ.

“ಹಂಗಾರೆ ಇಷ್ಟು ದಿನ ನಾನು ನುಂಗಿದ್ದು ಅಕ್ಕನ ಕಾಲಾ ಸಾರ್?”

ಅವರಿಗೆ ಅದು ತಿಳಿದಿರಲು ಸಾಧ್ಯವಿರಲಿಲ್ಲ, ಉರಿ ಇಳಿಯುವ ಸಾಧ್ಯತೆ ಇನ್ನೂ ಇದೆ ಎಂದು ಸಮಾಧಾನ ಹೇಳಿದೆ. ಅವರು ಸೆರಗಿನಿಂದ ಕಣ್ಣೊತ್ತಿಕೊಂಡು, “ನೀವು ಅಕ್ಕಂಗೆ ಏನೂ ಹೇಳ್ಬೇಡಿ. ನಾನು ಹೇಳ್ತೀನಿ” ಎಂದರು. ಮೆಟ್ಟಿಲಿಳಿಯುತ್ತ ಕೆಳಗಿನವರಿಗೆ ಕೇಳುವಂತೆ, “ಇವ್ರಿಗೆ ಮನೆ ಹಿಡಿಸ್ಲಿಲ್ವಂತೆ ಅಕ್ಕ, ಬಚ್ಚಲು ಚಿಕ್ಕದಾಯ್ತಂತೆ” ಎಂದು ಗಟ್ಟಿಯಾಗಿ ಹೇಳಿದರು.

ಮುಂದಿನ ಭೇಟಿಗೆ ಇಬ್ಬರೂ ಒಟ್ಟಿಗೆ ಬಂದರು. ಮೆಟ್ರೊದಲ್ಲಿ ಬಂದರಂತೆ, ಅಕ್ಕಪಕ್ಕ ಕೂತು. ಜಯಮ್ಮನವರ ಮುಖ ರಾತ್ರಿಯೆಲ್ಲ ಅತ್ತು ತೊಳೆದಂತಿತ್ತು. ಭಾಗ್ಯ ಮಡಿಲಿನಿಂದ ಇನ್ನೂ ಒಡೆಯದ ಬಿ-೬ ಸ್ಟ್ರಿಪ್ಪುಗಳನ್ನು ತೆಗೆದು, ಹಿಂದೊಮ್ಮೆ ಬಿಳಿಯ ಡಬ್ಬಿ ಕೂತಿದ್ದ ಜಾಗದಲ್ಲಿಟ್ಟರು.

ಡಾ. ವಿನುತಾ ಅವುಗಳನ್ನು ನೋಡಿದ ಕೂಡಲೇ ಎಲ್ಲವನ್ನೂ ಅರ್ಥಮಾಡಿಕೊಂಡರು. “ಯಾಕಮ್ಮ ಕೊಟ್ಟಿರಿ?” ಎಂದಷ್ಟೇ ಕೇಳಿದರು.

“ವಿಟಮಿನ್ನು ಅಂದ್ರಲ್ಲ ಮೇಡಂ. ಈ ಕಾಯ್ಲೆದಲ್ಲ ಅಂದ್ಕೊಂಡೆ. ಇಲ್ಲಿಂದ ತಗೊಂಡು ಹೋಗೋದ್ರಲ್ಲಿ ಇವ್ಳಿಗೆ ಕೊಡಬಹುದಾಗಿದ್ದು ಅದೊಂದೇ.” ಆಮೇಲೆ ಪಕ್ಕಕ್ಕೆ ತಿರುಗಿ ಮೆಲ್ಲಗೆ, “ಗೊತ್ತಿದ್ದೂ ನುಂಗ್ದೆ ನೀನು” ಎಂದರು.

“ಇನ್ನೇನು, ಉಗೀಲಾ?” ಎಂದರು ಭಾಗ್ಯ.

ಕೋಣೆಯಲ್ಲಿ ನಾವೆಲ್ಲ ನಕ್ಕದ್ದು ನೆನಪಿದೆ. ನಗುತ್ತ ಜಯಮ್ಮ ಅಳುತ್ತಿದ್ದರು.

ಅಂದು ನಿಂತ ಮಾತ್ರೆ ಐಸೋನಿಯಾಜಿಡ್. ಅದರ ಅವಧಿ ಹೇಗೂ ಮುಗಿಯುತ್ತ ಬಂದಿತ್ತು. ನರಗಳ ಸ್ಥಿತಿ ನೋಡಿ, ಎಆರ್‌ಟಿ ಕೇಂದ್ರದ ವೈದ್ಯರೊಂದಿಗೆ ಮಾತಾಡಿ, ಉಳಿದದ್ದನ್ನು ಡಾ. ವಿನುತಾ ನಿಲ್ಲಿಸಿದರು. ಬಿ-೬ ಅನ್ನು ತಕ್ಕ ಪ್ರಮಾಣದಲ್ಲಿ ಜಯಮ್ಮನವರಿಗೇ ಕೊಟ್ಟರು. ಗ್ಯಾಬಪೆಂಟಿನ್ ಅನ್ನು ಮೆಲ್ಲಗೆ ಏರಿಸಿದರು. ಎಚ್‌ಐವಿ ಮಾತ್ರೆಯ ಬಿಳಿಯ ಡಬ್ಬಿ ಜಯಮ್ಮನವರ ಸೆರಗಿನೊಳಗೇ ಉಳಿಯಿತು. ಈ ಸಲ ‘ಅಲ್ಲೀಗಂಟ’ ಎಂಬ ಷರತ್ತಿಲ್ಲದೆ. ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆ: ಬಿ-೬ ಒಳ್ಳೆಯದೆಂದು ತಾವಾಗಿಯೇ ಹೆಚ್ಚೆಚ್ಚು ನುಂಗಬಾರದು. ಅತಿಯಾದರೆ ಅದೂ ನರಗಳನ್ನು ಕೆಡಿಸುತ್ತದೆ.

ಉರಿ ಮಾಯವಾಗಲಿಲ್ಲ. ಕಥೆ ಹೇಳುವವರು ಬಿಟ್ಟುಬಿಡುವುದು ಇದನ್ನೇ. ದೀಪಾವಳಿಯ ಹೊತ್ತಿಗೆ ಹೊದಿಕೆ ತಾಗಿದರೆ ತಡೆಯುವಂತಾಯಿತು. ಸಂಕ್ರಾಂತಿಯ ಹೊತ್ತಿಗೆ ಗೋಣಿತಾಟು ಒಣಗಿ ಹಿತ್ತಿಲು ಸೇರಿತು. ಹೆಬ್ಬೆರಳುಗಳಲ್ಲಿ ಜೋಮು ಇವತ್ತಿಗೂ ಉಳಿದಿದೆ. ನರ ಬಹಳ ನಿಧಾನವಾಗಿ ಚಿಗುರುತ್ತದೆ. ಕೆಲವು ಕಡೆ ಚಿಗುರುವುದೇ ಇಲ್ಲ. ‘ಮಾತ್ರೆ ನಿಲ್ಲಿಸಿದರು, ಕಡಿಮೆಯಾಯಿತು’ ಎಂದು ಜಯಮ್ಮ ಕಾಯುವ ಬೆಂಚಿನ ಮೇಲೆ ಯಾರಿಗೋ ಹೇಳಿದ್ದರಂತೆ. ಯಾವ ಮಾತ್ರೆ ಎಂದು ಕೇಳಿದವರು ಕೇಳಲಿಲ್ಲ. ಕಥೆ ಅಲ್ಲಿಂದ ಹೊರಟಿತು.

ಚಿಕಿತ್ಸಾಲಯದಲ್ಲಿ ಎರಡು ಬದಲಾವಣೆಗಳಾದವು. ಬಿ-೬ ಅನ್ನು ಯಾರೂ ವಿಟಮಿನ್ ಎನ್ನಬಾರದು, ‘ನರದ ಮಾತ್ರೆ’ ಎನ್ನಬೇಕು ಎಂದು ಡಾಕ್ಟರು ಹೇಳಿದರು. ನಾನು, ಮಾತ್ರೆ ನುಂಗಿದಿರಾ ಎಂದು ಕೇಳುವುದನ್ನು ಬಿಟ್ಟು, ‘ಇದನ್ನ ಮನೇಲಿ ಯಾರಿಗಾದ್ರೂ ಕೊಡಬೇಕು ಅನ್ನಿಸ್ತದಾ?’ ಎಂದು ಕೇಳತೊಡಗಿದೆ. ಆ ಪ್ರಶ್ನೆಗೆ ಎಷ್ಟು ಜನ ತಲೆ ತಗ್ಗಿಸಿ ನಕ್ಕರೆಂದರೆ, ಯಾವ ಗ್ರಂಥವೂ ಕಲಿಸದ್ದನ್ನು ಆ ಕೆಲಸ ನನಗೆ ಕಲಿಸಿತು. ತಮ್ಮನ್ನು ಮೈಲಿಗೆಯೆಂದು ನಂಬಿಕೊಂಡವರಿಗೆ ಕೊಡುವ ಆಸೆ ಬಹಳ. ಕೊಡಲು ಏನೂ ಇಲ್ಲದಾಗ ಅವರು ತಮ್ಮ ಔಷಧವನ್ನೇ ಕೊಟ್ಟುಬಿಡುತ್ತಾರೆ.

ನಾನು ನಿವೃತ್ತನಾಗಿದ್ದೇನೆ, ಆದರೂ ಶನಿವಾರ ನಡೆಯುವ ರೋಗಿಗಳ ಸಭೆಗೆ ಹೋಗುತ್ತೇನೆ. ಬಿಟಿಎಂ ಲೇಔಟ್‌ನ ಯುವಕನನ್ನು ಕಳೆದ ತಿಂಗಳು ಅಲ್ಲಿಗೆ ಕರೆದುಕೊಂಡು ಹೋದೆ. ಅವನು ಕೋಣನಕುಂಟೆಯ ಹೆಂಗಸಿನ ಕಥೆಯನ್ನು ಎಲ್ಲರ ಮುಂದೆ ಮತ್ತೊಮ್ಮೆ ಹೇಳಿದ. ಹೇಳಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದು, ಚಪ್ಪಲಿ ಬಿಟ್ಟು, ಅವನ ಎದುರು ಕೂತರು.

“ಆ ಹೆಂಗಸು ನಾನೇ ಕಣಪ್ಪ. ಅನುಮಾನ ಇದ್ರೆ ಆ ಕಡ್ಡಿ ಇಟ್ಟು ನೋಡು.”

ನಾನು ಚೀಲದಲ್ಲಿದ್ದ ಫೋರ್ಕನ್ನು ತೆಗೆದು ತಟ್ಟಿ ಅವನ ಕೈಗೆ ಕೊಟ್ಟೆ. ಅವನು ಅಂಜುತ್ತ ಅದನ್ನು ಅವರ ಹೆಬ್ಬೆರಳಿನ ಮೇಲಿಟ್ಟ. ಜಯಮ್ಮ ಕಣ್ಣು ಮುಚ್ಚಿದರು.

“ಇಲ್ಲಿ ಬರಲ್ಲ. ಇದು ಹೋಗಿದ್ದು ಹೋಯ್ತು. ಸ್ವಲ್ಪ ಮ್ಯಾಲೆ ಇಡು.” ಅವನು ಮತ್ತೆ ತಟ್ಟಿ ಪಾದದ ನಡುವಿಗೆ ತಂದ. “ಹ್ಞಾ, ಇಲ್ಲಿ ಗುಂಯ್ ಅಂತದೆ. ಮೊದ್ಲು ಇಲ್ಲೂ ಅಂತಿರ್ಲಿಲ್ಲ.” ಕಣ್ಣು ಮುಚ್ಚಿದ್ದಂತೆಯೇ ಅವರು ಕೇಳಿದರು: “ನಾನು ಒಂದಿನಾನೂ ಬಿಡದೆ ನುಂಗಿದ ಮಾತ್ರೆನ ನೀನು ಎಷ್ಟು ದಿನದಿಂದ ಬಿಟ್ಟಿದೀಯ?”

ಅವನು ಹೇಳಿದ. ಸೋಮವಾರವೇ ಅವನನ್ನು ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋದವರು, ಅಕ್ಕನ ಜೊತೆ ಸಭೆಗೆ ಬಂದಿದ್ದ ಭಾಗ್ಯ. ಈಗ ಮತ್ತೆ ಮಾತ್ರೆ ನುಂಗುತ್ತಿದ್ದಾನೆ; ಅವನ ಕಾಲುರಿಯ ಕಾರಣವನ್ನು ಡಾಕ್ಟರು ಹುಡುಕುತ್ತಿದ್ದಾರೆ.

ನನ್ನ ಈ ಬರಹವನ್ನೂ ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ಇಂಥ ಸಭೆಗೆ ಬರುವ ಯಾರೇ ಆಗಲಿ ಕೋಣನಕುಂಟೆಯ ಆ ಹೆಂಗಸು ಯಾರೆಂದು ಕೇಳಿದರೆ, ಹಿಂದಿನ ಸಾಲಿನಲ್ಲಿ ಓರಗಿತ್ತಿಯ ಪಕ್ಕದಲ್ಲಿ, ಒಂದೇ ಲೋಟದಲ್ಲಿ ಕಾಫಿ ಹಂಚಿಕೊಂಡು ಕುಡಿಯುತ್ತಿರುವವರು ತಾವಾಗಿಯೇ ಕೈಯೆತ್ತುತ್ತಾರೆ.